ಸಿರೋಸಿಸ್ ಇದೆ ಎಂದ ಮೇಲೆ ದಿನದಿನ ಏನು ನೋಡಬೇಕು, ಏನು ಮಾಡಬೇಕು

ಸಿರೋಸಿಸ್ (ಯಕೃತ್ತು, ಅಂದರೆ ಲಿವರ್, ಗಾಯದ ನಾರಿನಿಂದ ಗಟ್ಟಿಯಾಗುವ ಕಾಯಿಲೆ) ಇರುವವರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಹೊಟ್ಟೆಯಲ್ಲಿ ನೀರು ತುಂಬಿ, ತಲೆ ಮಂಕಾಗಿ, ಇಲ್ಲವೇ ರಕ್ತ ವಾಂತಿಯಾಗಿ. ರಕ್ತ ವಾಂತಿ ಹೇಳದೆ ಕೇಳದೆ ಬರಬಹುದು. ಉಳಿದೆರಡು ಸಾಮಾನ್ಯವಾಗಿ ಹಾಗಲ್ಲ. ಎಷ್ಟೋ ದಿನ ಮೊದಲೇ ತೂಕ ಏರತೊಡಗಿರುತ್ತದೆ, ಎರಡು ದಿನದಿಂದ ಮಲ ಹೋಗಿರುವುದಿಲ್ಲ, ರಾತ್ರಿಯ ನಿದ್ದೆ ಹಗಲಿಗೆ ಬಂದಿರುತ್ತದೆ. ಮನೆಯಲ್ಲಿ ಯಾರಾದರೂ ಇವನ್ನು ಬರೆದಿಡುತ್ತಿದ್ದರೆ ಆಸ್ಪತ್ರೆಯ ಎಷ್ಟೋ ಓಡಾಟ ತಪ್ಪುತ್ತದೆ. ಈ ಬರಹ ರೋಗಿಗೂ ಜೊತೆಯಲ್ಲಿದ್ದು ನೋಡಿಕೊಳ್ಳುವವರಿಗೂ ಸೇರಿ ಬರೆದದ್ದು. ಔಷಧದ ಪ್ರಮಾಣಗಳನ್ನು ಕೊಟ್ಟಿರುವುದು ನಿಮ್ಮ ಚೀಟಿಯಲ್ಲಿ ಬರೆದದ್ದು ಅರ್ಥವಾಗಲಿ ಎಂದು. ವೈದ್ಯರನ್ನು ಕೇಳದೆ ಹೆಚ್ಚುಕಡಿಮೆ ಮಾಡಿಕೊಳ್ಳಲು ಅಲ್ಲ.

ಒಳಗೆ ಆಗಿರುವುದೇನು

ಕಾರಣ ಮದ್ಯವಿರಲಿ, ಹೆಪಟೈಟಿಸ್ ಬಿ ಅಥವಾ ಸಿ ಇರಲಿ, ಫ್ಯಾಟಿ ಲಿವರ್ ಇರಲಿ, ದಾರಿ ಒಂದೇ. ವರ್ಷಗಟ್ಟಲೆ ಉರಿಯೂತ ಇದ್ದು, ಸತ್ತ ಜೀವಕೋಶಗಳ ಜಾಗದಲ್ಲಿ ಗಾಯದ ನಾರು ಬೆಳೆಯುತ್ತದೆ. ಇದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್4 ಎಂದರೆ ಸಿರೋಸಿಸ್. ಇದರಿಂದ ಎರಡು ತೊಂದರೆ ಹುಟ್ಟುತ್ತವೆ. ಮೊದಲನೆಯದು ಒತ್ತಡ. ಕರುಳಿನಿಂದ ಬರುವ ರಕ್ತ ಗಟ್ಟಿಯಾದ ಯಕೃತ್ತಿನ ಮೂಲಕ ಸಲೀಸಾಗಿ ಹರಿಯದೆ, ಅದನ್ನು ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅನ್ನನಾಳದ ಕೆಳತುದಿಯ ರಕ್ತನಾಳಗಳು ಉಬ್ಬುತ್ತವೆ. ಎರಡನೆಯದು ಕೆಲಸ ಮಾಡುವ ಕೋಶಗಳ ಕೊರತೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಸಾಕಷ್ಟು ತಯಾರಾಗುವುದಿಲ್ಲ, ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಸರಿಯಾಗಿ ಹೊರಹೋಗುವುದಿಲ್ಲ, ಕರುಳಿನಲ್ಲಿ ಹುಟ್ಟುವ ಅಮೋನಿಯ ಸರಿಯಾಗಿ ಶುದ್ಧವಾಗುವುದಿಲ್ಲ.

ಹೊಟ್ಟೆಯ ನೀರು, ರಕ್ತಸ್ರಾವ, ಮಂಕು, ಕಾಮಾಲೆ ಯಾವುದೂ ಇನ್ನೂ ಬಂದಿಲ್ಲವಾದರೆ ಅದನ್ನು ಕಾಂಪೆನ್ಸೇಟೆಡ್ ಸಿರೋಸಿಸ್ ಎನ್ನುತ್ತಾರೆ. ಈ ಹಂತದಲ್ಲಿ ಹಲವು ವರ್ಷ ಏನೂ ತೊಂದರೆ ಕಾಣದೆ ಇರಬಹುದು. ಒಂದು ಬಂದರೂ ಹಂತ ಬದಲಾಯಿತು. ಆದರೆ ಈ ಗೆರೆ ಹಿಂದಕ್ಕೂ ದಾಟಬಲ್ಲದು. ಮೂಲ ಕಾರಣ ಪೂರ್ತಿ ನಿಂತರೆ, ಒಮ್ಮೆ ನೀರು ತುಂಬಿದ್ದವರಲ್ಲೂ ಕೆಲವರು ಮಾತ್ರೆಗಳಿಲ್ಲದೆ ಬದುಕುವ ಸ್ಥಿತಿಗೆ ಮರಳುತ್ತಾರೆ. "ಇನ್ನೇನೂ ಮಾಡಲಾಗದು" ಎಂದು ಕೈಬಿಡುವುದಕ್ಕಿಂತ ದೊಡ್ಡ ಅನ್ಯಾಯ ಈ ಕಾಯಿಲೆಯಲ್ಲಿ ಮತ್ತೊಂದಿಲ್ಲ.

ರಿಪೋರ್ಟ್ ಓದುವುದು

ಎಲ್ಲರ ಕಣ್ಣೂ ಮೊದಲು ಹೋಗುವುದು ಎಎಲ್‌ಟಿ, ಎಎಸ್‌ಟಿ ಎಂಬ ಯಕೃತ್ತಿನ ಕಿಣ್ವಗಳ ಕಡೆಗೆ. ಅವು ಈಗ ಎಷ್ಟು ಕೋಶಗಳು ಹಾಳಾಗುತ್ತಿವೆ ಎಂಬುದನ್ನು ಹೇಳುತ್ತವೆಯೇ ಹೊರತು ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಮುಂದುವರಿದ ಸಿರೋಸಿಸ್‌ನಲ್ಲಿ ಇವೆರಡೂ ನಾರ್ಮಲ್ ಇರಬಹುದು. ಮೊದಲು ನೋಡಬೇಕಾದವು ಆಲ್ಬುಮಿನ್ (ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದೆಯೇ), ಬಿಲಿರುಬಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ), ಪ್ಲೇಟ್‌ಲೆಟ್. ಪ್ಲೇಟ್‌ಲೆಟ್ 1,50,000ಕ್ಕಿಂತ ಕೆಳಗೆ ಬಂದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಪೋರ್ಟಲ್ ಒತ್ತಡ ಏರುತ್ತಿದೆಯೇ ಎಂದು ನೋಡಬೇಕು. ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ) ತೆಗೆದುಕೊಳ್ಳುವವರು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂಗಳನ್ನೂ ಪ್ರತಿ ಸಲ ನೋಡಬೇಕು.

ಫ್ಯಾಟಿ ಲಿವರ್ ಎಂದಷ್ಟೇ ಹೇಳಿ ಕಳಿಸಿದ್ದಾರೆ, ನಾರು ಎಷ್ಟಿದೆ ಗೊತ್ತಿಲ್ಲ ಎನ್ನುವವರು ಫಿಬ್-4 ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 52, ಎಎಸ್‌ಟಿ 64, ಎಎಲ್‌ಟಿ 49, ಪ್ಲೇಟ್‌ಲೆಟ್ 1,30,000 ಎಂದುಕೊಳ್ಳಿ: 52 × 64 = 3328; 130 × 7 = 910; ಭಾಗಿಸಿದರೆ ಸುಮಾರು 3.66. 1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ನಾರಿನ ಸಾಧ್ಯತೆ ಕಡಿಮೆ, 2.67ಕ್ಕಿಂತ ಹೆಚ್ಚಾದರೆ ಯಕೃತ್ತಿನ ತಜ್ಞರನ್ನು ಕಾಣಲೇಬೇಕು. 35 ವರ್ಷದೊಳಗಿನವರಲ್ಲಿ ಈ ಲೆಕ್ಕವನ್ನು ನಂಬುವಂತಿಲ್ಲ. 65 ದಾಟಿದವರಲ್ಲಿ ಕೆಳಗಿನ ಗೆರೆಯನ್ನು 2.0 ಎಂದು ಹಿಡಿಯುತ್ತಾರೆ.

ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಹೋಗುವಾಗ ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಊಟ ಮಾಡಿ ಹೋದರೆ ಸಂಖ್ಯೆ ಸುಳ್ಳಾಗಿ ಏರುತ್ತದೆ. ಎಎಲ್‌ಟಿ ನೂರಾರು ಇದ್ದಾಗ, ಹೃದಯ ವೈಫಲ್ಯ ಇದ್ದಾಗಲೂ ಹಾಗೆಯೇ. 10 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಿರೋಸಿಸ್ ಇರುವ ಸಂಭವ ಕಡಿಮೆ, 15 ದಾಟಿದರೆ ಸಂಭವ ಬಹಳ ಹೆಚ್ಚು.

ಮೊದಲು ಮೂಲಕ್ಕೆ ಮದ್ದು

ಮದ್ಯ ಕಾರಣವಾಗಿದ್ದರೆ ಪೂರ್ತಿ ನಿಲ್ಲಿಸಬೇಕು. ಸಿರೋಸಿಸ್ ಬಂದ ಮೇಲೆ ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ. ಬಿಯರ್, ವೈನ್ ಎಂದರೂ ಒಂದೇ. ಆದರೆ ದಿನವೂ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ಬಿಡಬಾರದು. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಸನ್ನಿ ಬಡಿಯಬಹುದು. ವೈದ್ಯರ ಕಣ್ಣೆದುರು, ಥಯಾಮಿನ್ (ವಿಟಮಿನ್ ಬಿ1) ಕೊಟ್ಟುಕೊಂಡು ಬಿಡಿಸಬೇಕು.

ಹೆಪಟೈಟಿಸ್ ಸಿ ಈಗ ಗುಣವಾಗುವ ಕಾಯಿಲೆ. 8ರಿಂದ 12 ವಾರ ಮಾತ್ರೆ ನುಂಗಿದರೆ 100ರಲ್ಲಿ 95ಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಯಕೃತ್ತು ಸೋತಿರುವವರಲ್ಲಿ ಮಾತ್ರೆಗಳ ಆಯ್ಕೆ, ಅವಧಿ ಬೇರೆ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ನೋಡಿಸಿ. ಸಿ ಹೋಗುತ್ತಿದ್ದಂತೆ ಅಡಗಿದ್ದ ಬಿ ಏಳುವುದುಂಟು. ಹೆಪಟೈಟಿಸ್ ಬಿ ಮಾತ್ರ ಪೂರ್ತಿ ಹೋಗುವುದು ಅಪರೂಪ, ಅದನ್ನು ಟೆನೊಫೊವಿರ್ ಅಥವಾ ಎಂಟೆಕಾವಿರ್‌ನಿಂದ ಅದುಮಿಡುತ್ತಾರೆ. ಎಂಟೆಕಾವಿರ್ ಅನ್ನು ಬರೀ ಹೊಟ್ಟೆಯಲ್ಲಿ, ಊಟಕ್ಕೆ 2 ಗಂಟೆ ಮೊದಲು ಅಥವಾ 2 ಗಂಟೆ ನಂತರ ತೆಗೆದುಕೊಳ್ಳಬೇಕು. ರಿಪೋರ್ಟಿನಲ್ಲಿ ವೈರಸ್ ಕಾಣಿಸಲಿಲ್ಲ ಎಂದು ತಾವೇ ನಿಲ್ಲಿಸುವವರು ಬಹಳ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ವೈರಸ್ ಮರಳಿ ಎದ್ದು ಸಿರೋಸಿಸ್ ಇರುವ ಯಕೃತ್ತನ್ನು ಪೂರ್ತಿ ಕೆಡಿಸಬಹುದು.

ಫ್ಯಾಟಿ ಲಿವರ್‌ನಲ್ಲಿ ದೇಹತೂಕದ ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ, ಎಷ್ಟೋ ಜನರಲ್ಲಿ ನಾರೂ ಕಡಿಮೆಯಾಗುತ್ತವೆ. ಇದಕ್ಕೆಂದೇ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರೋಮ್ ಮಾತ್ರೆ ಎಫ್2, ಎಫ್3 ಹಂತದವರಿಗೆ, ಸಿರೋಸಿಸ್ ಆದವರಿಗಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ಎರಗುವ ಆಟೊಇಮ್ಯೂನ್ ಹೆಪಟೈಟಿಸ್‌ಗೆ ಸ್ಟೀರಾಯ್ಡ್ ಮತ್ತು ಅಜಥಯೊಪ್ರಿನ್, ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಗೆ ತಾಮ್ರ ಹೊರಹಾಕುವ ಔಷಧ ಇವೆ. ಕಾರಣ ತಿಳಿಯದ ಸಿರೋಸಿಸ್ ಎಂದು ಬರೆದಿದ್ದರೆ, ಇವೆರಡನ್ನೂ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ.

ದಿನದ ಪುಸ್ತಕ

ಒಂದು ನೋಟ್‌ಬುಕ್, ಒಂದು ತೂಕದ ಯಂತ್ರ ಸಾಕು. ಬೆಳಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ತೂಕ. ಹಿಂದಿನ ದಿನ ಎಷ್ಟು ಸಲ ಮಲ ಹೋಯಿತು, ಯಾವ ಬಣ್ಣ. ರಾತ್ರಿ ನಿದ್ದೆ ಹೇಗಿತ್ತು. ಕೊನೆಗೆ ರೋಗಿಯ ಕೈಯಲ್ಲೇ ಒಂದು ಸಹಿ. ಸಹಿ ಏಕೆಂದರೆ, ಮೆದುಳು ಮಂಕಾಗುವಾಗ ಬರವಣಿಗೆ ಮಾತಿಗಿಂತ ಮೊದಲೇ ಕೆಡಬಹುದು. ಹಿಂದಿನ ಪುಟದ ಸಹಿಯ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರ ಜಾರಿದ್ದು ತಕ್ಷಣ ತಿಳಿಯುತ್ತದೆ.

ಹೊಟ್ಟೆಯ ನೀರು

ತೂಕ ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ನೀರನ್ನು ಹಿಡಿದಿಡುವುದು ಉಪ್ಪು. ಆದ್ದರಿಂದ ಕಡಿಮೆ ಮಾಡಬೇಕಾದದ್ದು ಉಪ್ಪನ್ನೇ ಹೊರತು ಕುಡಿಯುವ ನೀರನ್ನಲ್ಲ. ರಕ್ತದಲ್ಲಿ ಸೋಡಿಯಂ 125ಕ್ಕಿಂತ ಕೆಳಗಿಳಿದಾಗ ಮಾತ್ರ ಸಾಮಾನ್ಯವಾಗಿ ಕುಡಿಯುವ ನೀರಿಗೆ ಮಿತಿ ಹಾಕುತ್ತಾರೆ.

ದಿನಕ್ಕೆ ಸೋಡಿಯಂ 2 ಗ್ರಾಂ, ಅಂದರೆ ಉಪ್ಪು 5 ಗ್ರಾಂ. ಅಡುಗೆಯದು, ಮೇಲೆ ಹಾಕಿಕೊಳ್ಳುವುದು, ಪ್ಯಾಕೆಟ್ಟಿನದು ಎಲ್ಲ ಸೇರಿ ಒಂದು ಟೀ ಚಮಚ ಮಟ್ಟಸ. ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಎಂದು ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂನಲ್ಲಿ 800 ಮಿ.ಗ್ರಾಂ ಸೋಡಿಯಂ ಇರುವ ತಿಂಡಿಯನ್ನು 50 ಗ್ರಾಂ ತಿಂದರೆ ದಿನದ ಪಾಲಿನಲ್ಲಿ ಐದನೇ ಒಂದು ಭಾಗ ಮುಗಿಯಿತು. ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಮೂಲವಿದೆ: ನೀರಿನಲ್ಲಿ ನೊರೆಯೆದ್ದು ಕರಗುವ ಮಾತ್ರೆಗಳು. ಅಂಥ 500 ಮಿ.ಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆಯಲ್ಲೇ ಸುಮಾರು 400 ಮಿ.ಗ್ರಾಂ ಸೋಡಿಯಂ ಇರಬಹುದು. "ಕಡಿಮೆ ಸೋಡಿಯಂ ಉಪ್ಪು" ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಎಂಬ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಹಾಗೆಂದು ಉಪ್ಪೇ ಇಲ್ಲದ ಅಡುಗೆ ಮಾಡಿ, ರೋಗಿ ಅರ್ಧ ತಟ್ಟೆಯಲ್ಲೇ ಕೈ ತೊಳೆಯುವಂತಾದರೆ ಆಗುವ ನಷ್ಟ ಇನ್ನೂ ದೊಡ್ಡದು.

ಮಾತ್ರೆಗಳು ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ 100 ಮಿ.ಗ್ರಾಂಗೆ ಫ್ಯೂರೋಸೆಮೈಡ್ 40 ಮಿ.ಗ್ರಾಂ ಎಂಬ ಪ್ರಮಾಣದಲ್ಲಿ ಬೆಳಗ್ಗೆ. ಸ್ಪೈರೊನೊಲ್ಯಾಕ್ಟೋನ್ ಕೆಲಸ ತೋರಲು ಮೂರು ದಿನವಾದರೂ ಬೇಕು, ಹಾಗಾಗಿ ಪ್ರಮಾಣವನ್ನು 3ರಿಂದ 5 ದಿನಕ್ಕೊಮ್ಮೆ ಏರಿಸುತ್ತಾರೆ. ಗರಿಷ್ಠ 400 ಮತ್ತು 160. ಕಾಲು ಊತ ಇಲ್ಲದವರ ತೂಕ ದಿನಕ್ಕೆ ಅರ್ಧ ಕಿಲೋಗಿಂತ, ಊತ ಇದ್ದವರದು 1 ಕಿಲೋಗಿಂತ ಹೆಚ್ಚು ಇಳಿಯಬಾರದು. ಬೇಗ ಬೇಗ ಇಳಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹೊಟ್ಟೆಯ ನೀರು ರಕ್ತಕ್ಕೆ ಮರಳುವ ವೇಗಕ್ಕೆ ಮಿತಿ ಇದೆ. ಅದನ್ನು ಮೀರಿ ಮೂತ್ರ ಹೋದರೆ ರಕ್ತನಾಳಗಳೇ ಬತ್ತಿ ಮೂತ್ರಪಿಂಡ ಸೋಲುತ್ತದೆ. ಮಾತ್ರೆ ಶುರುಮಾಡಿದಾಗ, ಬದಲಿಸಿದಾಗ ಒಂದು ವಾರದೊಳಗೆ ರಕ್ತಪರೀಕ್ಷೆ ಆಗಬೇಕು. ವಾಂತಿ, ಬೇಧಿ, ಮಂಕು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಶುರುವಾದರೂ ಅಂದಿನ ನೀರಿನ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಗಂಡಸರಲ್ಲಿ ಎದೆ ಊದಿ ನೋಯುವುದು ಸ್ಪೈರೊನೊಲ್ಯಾಕ್ಟೋನ್‌ನಿಂದ. ಸಂಕೋಚಪಡದೆ ಹೇಳಿದರೆ ಬೇರೆ ಮಾತ್ರೆ ಇದೆ.

ಸೂಜಿಯಿಂದ ನೀರು ತೆಗೆಸುವಾಗ 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ ಸುಮಾರು 8 ಗ್ರಾಂ ಆಲ್ಬುಮಿನ್ ಕೊಡಬೇಕು. ದುಬಾರಿ ಎಂದು ಬಿಟ್ಟರೆ ಮುಂದೆ ಮೂತ್ರಪಿಂಡ ತೊಂದರೆ ಕೊಡಬಹುದು. ತೆಗೆದ ನೀರಿನಲ್ಲಿ ಕೋಶಗಳ ಎಣಿಕೆ ಮಾಡಿಸಿದ್ದಾರೆಯೇ ಎಂದು ಕೇಳಿ. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಘನ ಮಿ.ಮೀ.ಗೆ 250 ದಾಟಿದ್ದರೆ ನೀರಿಗೆ ಸೋಂಕು ತಗುಲಿದೆ ಎಂದರ್ಥ, ರಕ್ತನಾಳದ ಮೂಲಕ ಆಂಟಿಬಯಾಟಿಕ್ ತಕ್ಷಣ ಬೇಕು. ಈ ಸೋಂಕು ಜ್ವರವಾಗಲಿ ಹೊಟ್ಟೆನೋವಾಗಲಿ ಇಲ್ಲದೆಯೂ ಬರುತ್ತದೆ. ಸುಮ್ಮನೆ ಸುಸ್ತು, ಮಂಕು ಅಷ್ಟೇ ಕಾಣಬಹುದು. ಹೊಕ್ಕುಳ ಉಬ್ಬಿರುವವರಲ್ಲಿ ಆ ಉಬ್ಬು ಗಟ್ಟಿಯಾಗಿ ನೋಯತೊಡಗಿದರೆ, ಬಣ್ಣ ತಿರುಗಿದರೆ, ನೀರು ಒಸರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಂಕು ಮತ್ತು ಲ್ಯಾಕ್ಟುಲೋಸ್

ಕರುಳಿನಲ್ಲಿ ಹುಟ್ಟಿದ ಅಮೋನಿಯ ಯಕೃತ್ತಿನಲ್ಲಿ ಶುದ್ಧವಾಗದೆ ಮೆದುಳು ತಲುಪಿದಾಗ ಮಂಕು ಬರುತ್ತದೆ. ಮೊದಲು ನಿದ್ದೆ ತಿರುವುಮುರುವಾಗುತ್ತದೆ, ಸಿಡುಕು ಹೆಚ್ಚುತ್ತದೆ, ಗೊತ್ತಿರುವ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ನೋಡಲು ಎರಡು ಪರೀಕ್ಷೆಗಳಿವೆ. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಲು ಕೇಳಿ. 15ಕ್ಕಿಂತ ಕಡಿಮೆಯಾದರೆ ಅನುಮಾನ, 10ಕ್ಕಿಂತ ಕಡಿಮೆಯಾದರೆ ಅಂದೇ ವೈದ್ಯರಿಗೆ ತಿಳಿಸಿ. ಎರಡೂ ಕೈ ಮುಂದೆ ಚಾಚಿ, ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ, ಬೆರಳು ಅಗಲಿಸಿ ಅರ್ಧ ನಿಮಿಷ ಹಿಡಿಯಲು ಹೇಳಿ; ಅಂಗೈ ನಡುನಡುವೆ ಕುಸಿದು ಮತ್ತೆ ಎದ್ದರೆ ಮಂಕು ಶುರುವಾಗಿದೆ ಎಂದು ತಿಳಿಯಿರಿ.

ಲ್ಯಾಕ್ಟುಲೋಸ್ ಅನ್ನು ಮಲಬದ್ಧತೆಯ ಸಿರಪ್ ಎಂದುಕೊಂಡವರು, ಮಲ ಸಲೀಸಾಯಿತು ಎಂದು ನಿಲ್ಲಿಸಿಬಿಡುತ್ತಾರೆ. ಇಲ್ಲಿ ಅದರ ಕೆಲಸ ಅಮೋನಿಯವನ್ನು ಕರುಳಿನಲ್ಲೇ ಹಿಡಿದು ಹೊರಹಾಕುವುದು. ಸಾಮಾನ್ಯ ಪ್ರಮಾಣ 15ರಿಂದ 30 ಮಿ.ಲೀ., ದಿನಕ್ಕೆ ಎರಡು ಮೂರು ಸಲ. ಗುರಿ ದಿನಕ್ಕೆ 2ರಿಂದ 3 ಮೆತ್ತನೆಯ ಮಲ, ಮಿ.ಲೀ. ಲೆಕ್ಕಕ್ಕಿಂತ ಈ ಗುರಿ ಮುಖ್ಯ. ಒಂದೂ ಆಗದಿದ್ದರೆ ಹೆಚ್ಚಿಸಬೇಕು, ನಾಲ್ಕು ದಾಟಿ ನೀರಾಗಿ ಹೋದರೆ ಪ್ರಮಾಣ ಇಳಿಸಬೇಕು. ಇಲ್ಲಿ ನಡೆಯುವ ತಪ್ಪು ಪೂರ್ತಿ ನಿಲ್ಲಿಸುವುದು, ಎರಡು ದಿನಕ್ಕೆ ಮಂಕು ಮರಳುತ್ತದೆ. ಇಳಿಸದೆ ಮುಂದುವರಿಸಿದರೂ ಅಷ್ಟೇ: ನೀರಿನಂಶ, ಪೊಟ್ಯಾಸಿಯಂ ಹೋಗಿ ಅದೇ ಮಂಕಿಗೆ ಕಾರಣವಾಗುತ್ತದೆ. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ವೈದ್ಯರಿಂದ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಸಿಹಿ ವಾಕರಿಕೆ ತಂದರೆ ನೀರಿನಲ್ಲಿ ಬೆರೆಸಿ ಕೊಡಿ. ಲ್ಯಾಕ್ಟುಲೋಸ್ ಇದ್ದೂ ಮರುಕಳಿಸಿದರೆ ಅದರ ಜೊತೆಗೆ ಕರುಳಿನಲ್ಲಿ ಕೆಲಸ ಮಾಡುವ ಆಂಟಿಬಯಾಟಿಕ್ ಆದ ರಿಫಾಕ್ಸಿಮಿನ್ 550 ಮಿ.ಗ್ರಾಂ ದಿನಕ್ಕೆರಡು ಸೇರಿಸುತ್ತಾರೆ.

ಪ್ರತಿ ಸಲ ಮಂಕು ಬಂದಾಗಲೂ ಅದನ್ನು ಎಬ್ಬಿಸಿದ್ದು ಯಾವುದು ಎಂದು ಹುಡುಕಲೇಬೇಕು. ಮಲಬದ್ಧತೆ, ಸೋಂಕು, ಕರುಳಿನೊಳಗಿನ ರಕ್ತಸ್ರಾವ, ನೀರಿನ ಮಾತ್ರೆ ಹೆಚ್ಚಾದದ್ದು, ನಿದ್ದೆ ಮಾತ್ರೆ: ಹೆಚ್ಚಾಗಿ ಇವುಗಳಲ್ಲೇ ಒಂದು ಇರುತ್ತದೆ. ಮಂಕು ಒಮ್ಮೆ ಬಂದವರು ವೈದ್ಯರು ಸರಿ ಎನ್ನುವವರೆಗೆ ವಾಹನ ಓಡಿಸಬಾರದು.

ಊಟ

ಮಂಕಾಗುತ್ತದೆ ಎಂದು ಬೇಳೆ, ಮೊಟ್ಟೆ, ಹಾಲು ಎಲ್ಲ ಬಿಡಿಸುವುದು ಹಳೆಯ ಸಲಹೆ. ಅದು ತಪ್ಪು ಎಂದು ಈಗ ಸ್ಪಷ್ಟವಾಗಿದೆ. ಯಕೃತ್ತು ಸೋತಾಗ ಅಮೋನಿಯವನ್ನು ಸಂಭಾಳಿಸುವುದರಲ್ಲಿ ಸ್ನಾಯುಗಳ ಪಾಲು ದೊಡ್ಡದು. ಪ್ರೋಟೀನ್ ಬಿಡಿಸಿದರೆ ಕರಗುವುದು ಆ ಸ್ನಾಯುವೇ. ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, 35 ಕಿಲೋಕ್ಯಾಲರಿ ಬೇಕು: 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ, ಸುಮಾರು 2100 ಕಿಲೋಕ್ಯಾಲರಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ನೀರಿಲ್ಲದ ತೂಕವನ್ನು. ಬೊಜ್ಜು ಇರುವವರ ಲೆಕ್ಕ ಬೇರೆ. ಹಗಲಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಮಲಗುವ ಮೊದಲು ಸುಮಾರು 50 ಗ್ರಾಂ ಪಿಷ್ಟವಿರುವ ತಿಂಡಿ ಕಡ್ಡಾಯ. ಸಿರೋಸಿಸ್ ಇರುವ ದೇಹದಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ, ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಹಸಿ ಅಥವಾ ಅರೆಬೆಂದ ಸಮುದ್ರದ ಚಿಪ್ಪುಜೀವಿಗಳು ಬೇಡ. ಅದರಲ್ಲಿರುವ ಒಂದು ಬ್ಯಾಕ್ಟೀರಿಯ ಈ ರೋಗಿಗಳ ಜೀವ ತೆಗೆಯುವಷ್ಟು ಕ್ರೂರ. ಮಂಚಕ್ಕೆ ಅಂಟಿಕೊಂಡಿರುವುದೂ ಬೇಡ. ಆದಷ್ಟು ನಡೆದಾಡಬೇಕು.

ರಕ್ತಸ್ರಾವ

ಉಬ್ಬಿದ ರಕ್ತನಾಳಗಳು ಇವೆಯೇ ಎಂಬುದು ಎಂಡೋಸ್ಕೋಪಿಯಲ್ಲಿ ಗೊತ್ತಾಗುತ್ತದೆ. ಫೈಬ್ರೋಸ್ಕ್ಯಾನ್ 20ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 1,50,000ಕ್ಕಿಂತ ಹೆಚ್ಚು ಇದ್ದವರು ಅದನ್ನು ಮುಂದೂಡಬಹುದು. ಒತ್ತಡ ಇಳಿಸಲು ಕಾರ್ವೆಡಿಲೋಲ್ (6.25ರಿಂದ 12.5 ಮಿ.ಗ್ರಾಂ) ಅಥವಾ ಪ್ರೊಪ್ರನೊಲೋಲ್ ಕೊಡುತ್ತಾರೆ. ಬಿಪಿ ನಾರ್ಮಲ್ ಇದೆ, ಬಿಪಿ ಮಾತ್ರೆ ಯಾಕೆ ಎಂದು ನಿಲ್ಲಿಸಬೇಡಿ. ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದರೆ ಮಾತ್ರ ಕೂಡಲೇ ವೈದ್ಯರಿಗೆ ತಿಳಿಸಿ. ದೊಡ್ಡದಾಗಿ ಉಬ್ಬಿದ ನಾಳಗಳನ್ನು ಎಂಡೋಸ್ಕೋಪಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ, ಅವು ಮಾಯವಾಗುವವರೆಗೆ 2ರಿಂದ 4 ವಾರಕ್ಕೊಮ್ಮೆ ಮತ್ತೆ ಹೋಗಬೇಕು. ಒಂದೇ ಸಲಕ್ಕೆ ಮುಗಿಯಿತು ಎಂದುಕೊಂಡು ಮನೆಯಲ್ಲಿ ಉಳಿದವರಲ್ಲಿ ಮತ್ತೆ ರಕ್ತಸ್ರಾವವಾಗುವುದು ಹೆಚ್ಚು.

ರಕ್ತ ವಾಂತಿಯಾದರೆ, ಅಥವಾ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಎಂಡೋಸ್ಕೋಪಿ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಹೀಗೆ ಅಂಟುವುದಿಲ್ಲ. ಬಾಯಿಂದ ಏನೂ ಕೊಡಬೇಡಿ, ಎಡಗಡೆ ಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. "ಸಿರೋಸಿಸ್ ಇದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಎಂಡೋಸ್ಕೋಪಿಗೆ ಮುಂಚೆಯೇ ರಕ್ತನಾಳದ ಒತ್ತಡ ಇಳಿಸುವ ಇಂಜೆಕ್ಷನ್ ಮತ್ತು ಆಂಟಿಬಯಾಟಿಕ್ ಶುರುವಾಗಬೇಕು, 12 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು.

ನೋವಿಗೆ, ನಿದ್ದೆಗೆ ಏನು ತೆಗೆದುಕೊಳ್ಳಬಹುದು

ಪ್ಯಾರಾಸಿಟಮಾಲ್ ಲಿವರ್‌ಗೆ ಕೆಟ್ಟದ್ದು ಎಂದು ಹೆದರಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವುದು ಬಹಳ ಸಾಮಾನ್ಯ, ಬಹಳ ಅಪಾಯಕಾರಿ. ದಿನಕ್ಕೆ 2 ಗ್ರಾಂ ಮೀರದಂತೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ನೆಗಡಿ ಮಾತ್ರೆಯೊಳಗಿನ ಪ್ಯಾರಾಸಿಟಮಾಲನ್ನೂ ಲೆಕ್ಕಕ್ಕೆ ಸೇರಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡವನ್ನು ಕೆಡಿಸುತ್ತವೆ, ಹೊಟ್ಟೆಯಲ್ಲಿ ರಕ್ತ ಸುರಿಸುತ್ತವೆ. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆಗಳಿಂದ ಮಂಕು ಏಳುತ್ತದೆ. ನೀರು ತುಂಬಿದವರಿಗೆ ಬಿಪಿಯ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳೂ ಬೇಡ. ಲಿವರ್ ಶುದ್ಧಿ ಎಂದು ಮಾರುವ ಪುಡಿ, ಗಿಡಮೂಲಿಕೆ ಗುಳಿಗೆ, ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಮುಟ್ಟಲೇಬೇಡಿ.

ಸಿರೋಸಿಸ್ ಇರುವ ಎಲ್ಲರೂ, ಹುಷಾರಾಗಿದ್ದರೂ, 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು, ಸಾಧ್ಯವಾದರೆ ಯಕೃತ್ತಿನ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆಯೊಂದಿಗೆ. ಯಕೃತ್ತಿನ ಕ್ಯಾನ್ಸರ್ ಚಿಕ್ಕದಿರುವಾಗ ನೋಯುವುದಿಲ್ಲ. ಹೆಪಟೈಟಿಸ್ ಸಿ ಗುಣವಾದ ಮೇಲೂ ಸಿರೋಸಿಸ್ ಇದ್ದರೆ ಇದು ನಿಲ್ಲುವಂತಿಲ್ಲ. ಹೆಪಟೈಟಿಸ್ ಎ, ಬಿ, ಫ್ಲೂ, ನ್ಯುಮೋಕಾಕಸ್ ಲಸಿಕೆಗಳನ್ನು ಬೇಗನೆ ಹಾಕಿಸಿ; ಕಾಯಿಲೆ ಮುಂದುವರಿದಷ್ಟೂ ಲಸಿಕೆಗೆ ದೇಹ ಸ್ಪಂದಿಸುವುದು ಕಡಿಮೆ.

ಕಸಿ

ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್, ಸೋಡಿಯಂಗಳಿಂದ ಮೆಲ್ಡ್ ಎಂಬ ಅಂಕ ಲೆಕ್ಕ ಹಾಕುತ್ತಾರೆ, 6ರಿಂದ 40ರವರೆಗೆ. 15 ಮುಟ್ಟಿದಾಗ, ಅಥವಾ ಅಂಕ ಎಷ್ಟೇ ಇರಲಿ ನೀರು, ಮಂಕು, ರಕ್ತಸ್ರಾವಗಳಲ್ಲಿ ಒಂದು ಬಂದಾಗ, ಕಸಿ ಕೇಂದ್ರವನ್ನು ಒಮ್ಮೆ ಕಾಣಬೇಕು. ಕಂಡ ಮಾತ್ರಕ್ಕೆ ಆಪರೇಷನ್ ಎಂದಲ್ಲ. ತಪಾಸಣೆಗೇ ಸಮಯ ಬೇಕು, ಐಸಿಯುನಲ್ಲಿ ಮಲಗಿದ ಮೇಲೆ ದಾರಿಗಳು ಮುಚ್ಚಿಕೊಳ್ಳುತ್ತವೆ. ಮೃತರ ಅಂಗವಲ್ಲದೆ, ಮನೆಯವರೊಬ್ಬರ ಯಕೃತ್ತಿನ ಒಂದು ಭಾಗವನ್ನೂ ಕಸಿ ಮಾಡಬಹುದು. ದಾನಿಯಲ್ಲಿ ಉಳಿದ ಭಾಗ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ, ಆದರೂ ಅದು ದಾನಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ.

ಕಸಿಯಾದ ಮೇಲೆ ಹೆಚ್ಚಿನವರಿಗೆ, ಹೊಸ ಯಕೃತ್ತನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಜೀವನಪೂರ್ತಿ, ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಫಂಗಸ್‌ನ ಫ್ಲುಕೊನಜೋಲ್ ಮಾತ್ರೆ ಇದರ ಮಟ್ಟವನ್ನು ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಹಾಗಾಗಿ ಹಲ್ಲಿನ ವೈದ್ಯರು ಬರೆದ ಚೀಟಿಯನ್ನೂ ಕಸಿ ತಂಡಕ್ಕೆ ತೋರಿಸದೆ ಔಷಧ ಶುರುಮಾಡಬಾರದು. ಮಟ್ಟ ನೋಡಲು ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ನುಂಗದೆ ಜೊತೆಯಲ್ಲೇ ಒಯ್ಯಿರಿ, ರಕ್ತ ಕೊಟ್ಟ ತಕ್ಷಣ ನುಂಗಿ. ಮೊದಲೇ ನುಂಗಿ ಹೋದರೆ ಮಟ್ಟ ಸುಳ್ಳಾಗಿ ಹೆಚ್ಚು ಕಾಣುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಹೊಸ ಯಕೃತ್ತನ್ನು ದೇಹ ತಿರಸ್ಕರಿಸತೊಡಗುವ ಅಪಾಯ ಬರುತ್ತದೆ.